ರೇವಣಪ್ಪನ ಹಣಿಮ್ಯಾಲಿನ ಮೂರು ಪಟ್ಟಿ

ಗಂಡಸು ತನ್ನ ಮಾರಿ ತಾನು ಯಾವಾಗ ನೋಡ್ಕೋತಾನ ಹೇಳ್ರಿ? ಲಗ್ನದಾಗ ಒಮ್ಮಿ ನೋಡ್ಕೋತಾನ. ಆಮ್ಯಾಲ ದಾಡಿ ಮಾಡೋವಾಗ ಗಲ್ಲ ನೋಡತಾನ, ಮೀಸಿ ಕತ್ತರಸೋವಾಗ ಮೀಸಿ ನೋಡತಾನ, ಕಣ್ಣಾಗ ಕಸಾ ಬಿದ್ರ ಕಣ್ಣ ನೋಡತಾನ. ಎಲ್ಲಾ ಕೂಡಿಸಿ ಮಾರಿ ಅಂತ ನೋಡಂಗೇ ಇಲ್ಲ. ಮಹಾರಾಷ್ಟ್ರದ ಗಡ್ಯಾಗಿನ ತುರೋರಿ ಬಾಜೂಕಿನ ಹಳ್ಳ್ಯಾಗಿನ ರೇವಣಪ್ಪನೂ ಹಂಗೇ ಜನ್ಮ ಪೂರಾ ತುಂಡು ತುಂಡು ಮಾಡಿ ತನ್ನ ಮಾರಿ ನೋಡಕೊಂಡು ಬಂದಾಂವಾ. ಅಂಥಾಂವಾ ಒಂದಿನ ಮುಂಜಾನಿ ಕಟ್ಟಿಮ್ಯಾಲ ಕನ್ನಡಿ ಹಿಡಕೊಂಡು ಕುಂತು, ಹುಬ್ಬ ಏರಿಸಿದ, ಇಳಿಸಿದ, ಗಲ್ಲ ಉಬ್ಬಿಸಿದ, ಬೆರಳಲೆ ಹಣಿ ಚರ್ಮ ಮ್ಯಾಲ ಜಗ್ಗಿ ಹಿಡದ, ಬಿಟ್ಟ. ಬಿಟ್ಟ ಕೂಡಲೇ ಚರ್ಮ ತನ್ನ ಜಾಗಾಕ ತಾನು ಬಂದು ಕುಂತಿತು.

ಸೊಸಿ ಮೀನಲ ಕಸಾ ಹೊಡಿಯೋದು ನಿಲ್ಲಿಸಿ ಕೇಳಿದ್ಳು, "ಮಾಮಾ, ಹಲ್ಲ ನೋಯಲತಾದೇನ್ರಿ?"

"ಇಲ್ಲವ್ವಾ. ಈ ಕನ್ನಡಿ ಹಳೇದಾಗ್ಯಾದ. ಹೊಸಾದು ತರಬೇಕು."

ಕನ್ನಡಿ ಹೊಸಾದೇ ಇತ್ತು.

ಆಗಿದ್ದೇನಂದ್ರ, ರೇವಣಪ್ಪನ ಹೆಂಡತಿ ಕಾಂತಾಬಾಯಿಗಿ ಎರಡೂ ಕಣ್ಣಾಗ ಪೊರಿ ಬೆಳದಿತ್ತು. ಮೋತಿಬಿಂದು ಅಂತಾರಲ್ಲ, ಅದು. ಒಂದಿನದಾಗ ಬಂದದ್ದಲ್ಲ, ಹೊಗಿ ತುಂಬಿದಂಗ ಮೆಲ್ಲಕ ತುಂಬಿತ್ತು. ಈಗ ಆಕಿಗಿ ಮನಷ್ಯಾರು ಅಂದ್ರ ಬರೇ ನೆರಳು. ಸೊಸೀನ್ನ ಬಳೀ ಸಪ್ಪಳಕ ಗುರತು ಹಿಡೀತಿದ್ಳು, ಗಂಡನ್ನ ಕೆಮ್ಮಿನಿಂದ. ಆಪರೇಷನ್ ಮಾಡಸ್ಕೋ ಅಂದ್ರ ಅಂಜಿಕಿ. ಆಕಿ ಸಣ್ಣಾಕಿ ಇದ್ದಾಗ ಆಕಿ ಅಜ್ಜಿಗಿ ಯಾರೋ ಕಣ್ಣ ಕೊರದು, ಇದ್ದಬದ್ದ ಬೆಳಕೂ ಹೋಗಿತ್ತಂತ. ಅಂತೂ ಇಂತೂ ಮಗ ನೀಲಕಂಠ ಕಾಲ ಹಿಡದು ಒಪ್ಪಿಸಿ, ಉದಗೀರದಾಗ ಒಂದು ಕಣ್ಣಿಗಿ ತಾರೀಖ ತಗೊಂಡು ಬಂದಿದ್ದ.

ತಾರೀಖ ತಂದ ದಿನಾ ಸಂಜೀಕ ಕಾಂತಾಬಾಯಿ ಜಳಕೋಟದಾಗಿದ್ದ ತನ್ನ ಅಕ್ಕ ಶಿವಗಂಗಾಬಾಯಿ ಜೋಡಿ ಫೋನಿನ್ಯಾಗ ಮಾತಾಡಲತಿದ್ಳು. ರೇವಣಪ್ಪ ಪಡಸಾಲ್ಯಾಗ ಕುಂತಿದ್ದ. ಆಕಿಗಿ ಅಂವಾ ಕುಂತದ್ದು ಕಾಣಲಿಲ್ಲ, ಅಂವಾ ಕೆಮ್ಮಲೂ ಇಲ್ಲ.

"ಕಣ್ಣ ಬಂದ ಕೂಡಲೇ ಯಾನ್ ನೋಡತೀನಂತಿ? ಮೊದಲ ನಮ್ಮವರ ಮಾರಿ ನೋಡತೀನಿ. ನಿಮ್ಮ ಸಣ್ಣ ಮಗಳ ಲಗ್ನದಾಗ ತಲಿಗಿ ಹಳದಿ ಪಟಗಾ ಸುತ್ತಕೊಂಡು ನಿಂತಿದ್ರಲ್ಲ, ಅದೇ ನನ್ನ ಕಣ್ಣಾಗ ಉಳದಾದ. ಇನ್ನಾ ಹಂಗೇ ಇರಬೇಕು ಬಿಡು. ಅವರಿಗಿ ವಯಸ್ಸೇ ಆಗಂಗಿಲ್ಲ."

ರೇವಣಪ್ಪ ತನ್ನ ಗಲ್ಲದ ಮ್ಯಾಲ ಕೈಯಾಡಿಸಿಕೊಂಡ. ಆ ಲಗ್ನ ಆದಾಗ ಅವನ ಮೀಸಿ ಕರ್ರಗಿತ್ತು. ಆಮ್ಯಾಲ ಎಷ್ಟು ಬ್ಯಾಸಗಿ ಹೋದವು, ಎಷ್ಟು ರಾಶಿ ಆದವು. ಬಿಸಿಲು ಒಂದೊಂದ ಗೆರಿ ಹೊಡದು ಹೋಗಿತ್ತು, ಇಂವಾ ಲಕ್ಷ್ಯನೇ ಕೊಟ್ಟಿದ್ದಿಲ್ಲ. ಹೆಂಡತಿ ಕಣ್ಣಿಗಿ ಪೊರಿ ಬಂದದ್ದಕ್ಕ ಊರೆಲ್ಲಾ ಮರಗತಿತ್ತು. ಆ ಪೊರಿ ಹಿಂದ ತಾನೊಬ್ಬ ಆರಾಮ ಹರೇದಾಂವಾ ಆಗಿ ಕುಂತೀನಂತ ಅವನಿಗಿ ಅವತ್ತೇ ಗೊತ್ತಾತು. ಗೊತ್ತಾದ ಮಾರನೇ ದಿನಾನೇ ಆ ಕನ್ನಡಿ ಪ್ರಕರಣ.

ಉಪಾಯ ಮೊಬೈಲದಾಗ ಸಿಕ್ಕಿತು. ಒಬ್ಬಾಕಿ ಹೆಣ್ಣಮಗಳು ಗಲ್ಲಕ ಬಿಳೀ ಕ್ರೀಮ್ ಹಚ್ಚಿಕೊಂಡು, ಮಾರಿಮ್ಯಾಲಿನ ನಿರಿಗಿ ಹೋಗತಾವ, ವಯಸ್ಸು ಹಿಂದಕ ಸರೀತದ ಅಂತ ನಗನಗತಾ ಹೇಳಲತಿದ್ಳು. ಹತ್ತಿರದ ಉಮರಗಾದಾಗ ತಗೊಂಡ್ರ ಸಂಜೀ ತನಕ ಊರಿಗೇ ಸುದ್ದಿ. ಅದಕ ರೇವಣಪ್ಪ ಬಸ್ಸ ಹತ್ತಿ ನಿಲಂಗಾಕ ಹೋದ. ಅಲ್ಲಿ ಉಮಾಕಾಂತ ಅಂಬಾವಂದು ಒಂದು ಮೆಡಿಕಲ್. ರೇವಣಪ್ಪ ಮೊದಲ ಕೆಮ್ಮಿನ ಗುಳಿಗಿ ಕೇಳಿದ, ಆಮ್ಯಾಲ ಝಂಡೂ ಬಾಮ್ ಕೇಳಿದ, ಉಳಿದ ಗಿರಾಕಿ ಎಲ್ಲಾ ಹೋದ ಮ್ಯಾಲ ಮೊಬೈಲ ತಗದು ಕ್ರೀಮಿನ ಚಿತ್ರ ತೋರಿಸಿದ.

"ಯಾರಿಗಿ ಕಾಕಾ?"

"ಸೊಸಿಗಿ."

"ವಯಸ್ಸು ಎಷ್ಟ ಅವ್ರಿಗಿ?"

"ಅರವತ್ತೈದು."

ಉಮಾಕಾಂತ ಕಣ್ಣ ಮ್ಯಾಲ ಮಾಡಿ ನೋಡಿದ. "ಸೊಸಿಗಿ ಅರವತ್ತೈದು?"

"ದೊಡ್ಡ ಸೊಸಿ," ಅಂದ ರೇವಣಪ್ಪ.

ಉಮಾಕಾಂತ ಶಾಣ್ಯಾ ಮನಷ್ಯಾ, ನಗಲಿಲ್ಲ. "ನೋಡ್ರಿ ಕಾಕಾ, ನಿಮ್ಮ ದೊಡ್ಡ ಸೊಸಿಗಿ ಬರೋಬರಿ ಹೇಳ್ರಿ. ಇದರಾಗ ರೆಟಿನಾಲ್ ಅಂತ ಔಷಧ ಅದ. ರಾತ್ರಿ ಮಲಗೋವಾಗ ಹಚ್ಚಬೇಕು. ಕಡ್ಲಿ ಕಾಳಿನಷ್ಟು, ಅದೂ ಮೊದಮೊದಲ ದಿನಾ ಬಿಟ್ಟು ದಿನಾ. ಚರ್ಮ ನಾಜೂಕ ಆಗತದ, ಬಿಸಿಲಿಗಿ ಹೋಗೋದಿದ್ರ ಈ ಸನ್‌ಸ್ಕ್ರೀನ್ ಹಚ್ಚಲೇಬೇಕು. ಇಲ್ಲಂದ್ರ ಮಾರಿ ಸುಡತದ. ನಿರಿಗಿ ಹೋಗಲಾಕ ತಿಂಗಳಗಟ್ಲೆ ಬೇಕು, ಪೂರಾನೂ ಹೋಗಂಗಿಲ್ಲ."

ರೇವಣಪ್ಪ ಕಿವೀಗಿ ಹಾಕ್ಕೊಂಡಿದ್ದು ಒಂದೇ: ಈ ಮನಷ್ಯಾ ನನಗ ಎರಡು ಟ್ಯೂಬ್ ಮಾರಲಾಕ ನೋಡಲತ್ಯಾನ. ಒಂದೇ ತಗೊಂಡು ಬಂದ.

ಹೇಳಿದಂಗ ಯಾಕ ಹಚ್ಚಲಿಲ್ಲ ಅಂತ ಕೇಳಬ್ಯಾಡ್ರಿ, ರೇವಣಪ್ಪಂದು ಎಲ್ಲಾದಕ್ಕೂ ಕಾರಣ ಇತ್ತು. ರಾತ್ರಿ ಹಚ್ಚಿದ್ರ ಕಾಂತಾಬಾಯಿಗಿ ವಾಸನಿ ಬಡೀತದ. ಕಣ್ಣ ಹೋದ ಮ್ಯಾಲ ಆಕಿ ಮೂಗು ಎಷ್ಟು ಚುರುಕಾಗಿತ್ತಂದ್ರ, ಪಕ್ಕದ ಮನ್ಯಾಗ ಯಾವ ಬ್ಯಾಳಿ ಅಂತ ಇಲ್ಲಿಂದ ಹೇಳತಿದ್ಳು. ಕಡ್ಲಿ ಕಾಳಿನಷ್ಟು ಹಚ್ಚಿದ್ರ ಆ ಮೀನಲನಂಥ ಹುಡಿಗೇರ ಮಾರಿಗಿ ಸಾಕಾದೀತು, ಉಳಿಮಿ ಹೊಡದ ಹೊಲದಂಥ ಮಾರಿಗಿ ಏನು ಸಾಲತದ? ಇನ್ನ ಬಿಸಿಲಿಗಿ ಹೋಗಬ್ಯಾಡಂದ್ರ, ಶಿವರಾತ್ರಿ ಆಗ್ಯಾದ, ಬಿಳೀ ಜ್ವಾಳ ಕೊಯ್ಲಿಗಿ ನಿಂತಾದ, ಅದನ್ನ ಉಮಾಕಾಂತ ಬಂದು ಕೊಯ್ತಾನೇನು?

ಹಂಗಾಗಿ ಟ್ಯೂಬು ಹೊಲದಾಗಿನ ಕೊಟ್ಟಿಗ್ಯಾಗ, ನೇಗಿಲ, ಕುಂಟಿಯಂಥ ಗಳೇದ ಸಾಮಾನಿನ ಹಿಂದ ಕುಂತಿತು. ರೇವಣಪ್ಪ ಮುಂಜಾನಿ ಮನ್ಯಾಗ ಜಳಕಾ ಮಾಡಿ, ಲಿಂಗಪೂಜಿ ಮಾಡಿಕೊಂಡು, ಮೂರು ಬೆರಳಲೆ ಹಣಿತುಂಬ ವಿಭೂತಿ ದಪ್ಪಗ ಎಳಕೊಂಡು ಹೊಲಕ ಹೋಗತಿದ್ದ. ಈಗ ಇದೊಂದು ಲಕ್ಷ್ಯ ಇಟ್ಟು ಕೇಳ್ರಿ. ವಿಭೂತಿ ಹಚ್ಚಿದ ಮ್ಯಾಲ ಅದರ ಮ್ಯಾಲ ಮತ್ತೊಂದು ಏನೂ ಹಚ್ಚಬಾರದಂತ ಅವರಪ್ಪ ಕಲಿಸಿದ್ದು. ಅದಕ ರೇವಣಪ್ಪ ಕೊಟ್ಟಿಗ್ಯಾಗ ಕುಂತು, ರಂಗೋಲಿ ಬಿಟ್ಟು ನೆಲಾ ಸಾರಿಸಿದಂಗ, ಮೂರು ಪಟ್ಟಿ ಬಿಟ್ಟು ಉಳಿದ ಮಾರಿಗೆಲ್ಲಾ ಕ್ರೀಮ್ ಬಳಕೊಂಡು, ಕುಡಗೋಲ ಹಿಡದು ಬಿಸಿಲಿಗಿ ನಡೀತಿದ್ದ. ದಿನಾ, ತಪ್ಪದಂಗ. ಹೆಂಡತಿ ಸಲುವಾಗಿ ಮಾಡೋ ಕೆಲಸದಾಗ ಭಕ್ತಿ ಕಮ್ಮಿ ಇರಬಾರದು ನೋಡ್ರಿ.

ಮಾರಿ ಉರೀಲಾಕ ಹತ್ತಿತು. "ನಾಟಲತಾದ," ಅಂತ ಖುಷಿಪಟ್ಟ. ಕೆಂಪಾತು. "ರಕ್ತ ಬರಲತಾದ, ಹರೇದ ಕಳಿ," ಅಂದ. ಆಮ್ಯಾಲ ಉಳ್ಳಾಗಡ್ಡಿ ಸಿಪ್ಪಿಯಂಗ ಚರ್ಮ ಏಳಲಾಕ ಹತ್ತಿತು. ಆವಾಗ ಮಾತ್ರ ಕ್ರೀಮ್ ಬಿಟ್ಟ. ಟ್ಯೂಬ್ ಹೆಂಗೂ ಮುಗದಿತ್ತು.

ಒಂದಿನ ಮಧ್ಯಾಹ್ನ ಬೋರಿನ ನೀರಾಗ ಗಸಗಸ ಮಾರಿ ತಿಕ್ಕಿ ತೊಳಕೊಳ್ಳಾಕತ್ತಾಗ ಬಾಜೂ ಹೊಲದ ಧೂಳಪ್ಪ ಬಂದ. ಈ ಧೂಳಪ್ಪ ಅಂದ್ರ ಊರಾಗಿನ ಎಲ್ಲಾ ಕಾರ್ಯಕ್ರಮದ ಮುಂದಾಳು. ಕಾರ್ಯಕ್ರಮ ಇಲ್ಲಂದ್ರ ಅವನಿಗಿ ಊಟ ಸೇರಂಗಿಲ್ಲ.

"ರೇವಣಣ್ಣ, ಮಾರಿ ತೊಳಕೊಂಡಿ, ಹಣಿ ತೊಳೀಲಿಲ್ಲಲ್ಲ?"

"ತೊಳದೀನಲ್ಲೋ."

"ವಿಭೂತಿ ಹಂಗೇ ಅದ."

"ಹೋಗ್ಯಾದ ನೋಡೋ."

ಧೂಳಪ್ಪ ಹತ್ತಿರ ಬಂದ. ಕೆಂಪನ ಇಟ್ಟಂಗಿಯಂಥ ಮಾರಿ, ಅದರ ಹಣಿಮ್ಯಾಲ ಮೂರು ಬಿಳೀ ಪಟ್ಟಿ, ಗೆರಿ ಹೊಡದಂಗ. ಬೆರಳಿಗಿ ನೀರ ಹಚ್ಚಿ ತಿಕ್ಕಿದ. ಹೋಗಲಿಲ್ಲ. ಧೋತರದ ತುದೀಲೆ ತಿಕ್ಕಿದ. ಹೋಗಲಿಲ್ಲ. ರೇವಣಪ್ಪ "ಉರೀತದೋ ಮಾರಾಯಾ!" ಅಂದ. ಧೂಳಪ್ಪ ಎರಡು ಹೆಜ್ಜಿ ಹಿಂದ ಸರದು, ಕೈ ಮುಗದು, ಚಪ್ಪಲಿ ಅಲ್ಲೇ ಬಿಟ್ಟು ಊರ ಕಡಿ ಓಡಿದ. ಓಡೋ ಮನಷ್ಯಾನ ಬೆನ್ನ ನೋಡೇ ರೇವಣಪ್ಪಗ ತಿಳೀತು, ಇದು ಈಗ ತನ್ನ ಕೈಯಾಗ ಉಳದಿಲ್ಲಂತ.

ರೇವಣಪ್ಪನ ಹಣಿಮ್ಯಾಲ ಶಿವನೇ ವಿಭೂತಿ ಬರದಾನಂತ ಸುದ್ದಿ ಹಬ್ಬಿ, ಸಂಜೀಕ ಅಂಗಳ ತುಂಬ ಮಂದಿ. ಭಜನಿ ಮಂಡಳಿಯವ್ರು ತಾಳ ಹಿಡಕೊಂಡೇ ಬಂದಿದ್ರು. ಗ್ರಾಮಸೇವಕ ಬೂಟ ಹೊರಗ ಬಿಟ್ಟು ಬಂದು, ಬಾಜೂಕ ಕುಂತು ಫೋಟೋ ತಗಸ್ಕೊಂಡ. ಮೀನಲ ಫೋಟೋ ತಗದು ಮನಿ ಗ್ರೂಪಿನ್ಯಾಗ ಹಾಕಿದ್ಳು, ಅರ್ಧಾ ತಾಸಿನ್ಯಾಗ ಆ ಫೋಟೋ ಬೀದರಕ ಹೋಗಿ, ಹೂವಿನ ಚೌಕಟ್ಟು ಹಚ್ಚಿಕೊಂಡು ತಿರಗಿ ಅವಳ ಫೋನಿಗೇ ಬಂತು. ಕುರಿ ಕಾಯೋ ಬಕ್ಕಪ್ಪ ಒಬ್ಬಾಂವಾ ಹಿಂದ ನಿಂತು, "ಉಣ್ಣೆ ಕತ್ತರಿಸಿದ ಮ್ಯಾಲ ನಮ್ಮ ಕುರಿ ಬೆನ್ನೂ ಬಿಸಿಲಿಗಿ ಹಿಂಗೇ ಪಟ್ಟಿ ಪಟ್ಟಿ ಆಗತದಲ್ಲೋ," ಅಂದ. ಅವನ್ನ ಎಲ್ಲರೂ ಕೂಡಿ ಬೈದು ಕೂಡಿಸಿದ್ರು.

ರೇವಣಪ್ಪನೂ ಅದೇ ಹೇಳಿ ನೋಡಿದ. "ಇದು ಬಿಸಿಲಿಗಿ ಆಗ್ಯಾದ್ರಪ್ಪಾ."

ಧೂಳಪ್ಪ ಮಂದಿ ಕಡಿ ತಿರಗಿ ಕೂಗಿದ, "ಬಿಸಿಲು ನಮಗ ಬಡದಿಲ್ಲೇನ್ರಪ್ಪಾ? ನಮ್ಮ ಹಣಿಮ್ಯಾಲ ಏನ ಮೂಡ್ಯಾದ? ಬೆವರು! ನೋಡ್ರಿ, ಅಣ್ಣಾ ಒಪ್ಪಕೋಳಂಗಿಲ್ಲ. ಎಂಥಾ ವಿನಯ!"

"ವಿನಯ ಅಲ್ಲೋ, ಬಿಸಿಲು!"

"ಕೇಳಿದ್ರಲ್ಲ? ಮತ್ತೂ ವಿನಯ!"

ಕ್ರೀಮ್ ಹಚ್ಚಿಕೊಂಡಿದ್ದೆ ಅಂತ ಒಂದು ಮಾತು ಹೇಳಿದ್ರ ಮುಗೀತಿತ್ತು. ಆದ್ರ ಹೇಳೋದು ಹ್ಯಾಂಗ? ಮುದುಕ ಹರೇದಾಂವಾ ಆಗಲಾಕ ಹೋಗಿ ಮಾರಿ ಸುಟ್ಟಕೊಂಡ ಅಂತ ಇದೇ ಮಂದಿ ಇದೇ ಅಂಗಳದಾಗ ನಗತಾರ. ಮಂದೀಲಿಂದ ಕೈ ಮುಗಿಸಿಕೊಳ್ಳೋದು ಸಂಕಟ ಖರೇ, ಆದ್ರ ನಗಸ್ಕೊಳ್ಳೋದಕಿಂತ ಸಸಾರ. ಮನಷ್ಯಾ ದೇವರಾಗೋದು ಬಹಳಾಂಶ ಹಿಂಗೇ ಇರಬೇಕು, ಬ್ಯಾರೆ ಹಾದಿ ಇಲ್ಲದಕ.

ಆದ್ರೂ ಮಂದಿ ಹೋದ ಮ್ಯಾಲ ಹೆಂಡತಿಗರೆ ಖರೇ ಹೇಳಬೇಕಂತ ಒಳಗ ಹೋದ. ಕಾಂತಾಬಾಯಿ ದೇವರ ಜಗಲಿ ಮುಂದ ಕುಂತಿದ್ಳು. ಆಪರೇಷನ್ ದಿನಾ ಹತ್ತಿರ ಬಂದಂಗ ಆಕಿ ಮತ್ತ ಹಿಂದ ಸರದಿದ್ಳು. "ನಾ ಸತ್ರೂ ಉದಗೀರಕ ಬರಲ್ಲ" ಅಂತ ನಿನ್ನಿನೇ ಮಗನ ಜೋಡಿ ಜಗಳಾಡಿ ಊಟ ಬಿಟ್ಟಿದ್ಳು. ಇವತ್ತು ಗಂಡನ ಕೆಮ್ಮು ಕೇಳಿದ ಕೂಡಲೇ ಕೈ ಚಾಚಿ, ಅವನ ಕಾಲ ಹುಡಿಕಿ, ಹಣಿ ಹಚ್ಚಿದ್ಳು.

"ಏಯ್, ಇದೇನ್ ಮಾಡಲತೀ ಕಾಂತಾ?"

"ನಾ ಆಪರೇಷನ್ ಮಾಡಸ್ಕೋತೀನ್ರಿ," ಅಂದ್ಳು. "ಶಿವ ನನ್ನ ಮನೀ ಹೊಸ್ತಲ ದಾಟಿ ಒಳಗ ಬಂದಾನ. ಇನ್ನ ನನ್ನ ಕಣ್ಣಿಗಿ ಯಾನ್ ಆದೀತು? ಈಗ ನನಗ ಅಂಜಿಕಿ ಅಂಬೋದೇ ಇಲ್ಲ."

ರೇವಣಪ್ಪ ಆಕೀನ್ನ ಹಿಡದು ಎಬ್ಬಿಸಿ ಕೂಡಿಸಿದ.

ಸಿಕ್ಕಿಬಿದ್ದಿದ್ದು ಇಲ್ಲಿ ನೋಡ್ರಿ. ಖರೇ ಹೇಳಿದ್ರ ಆಕಿ ಧೈರ್ಯ ಹೋಗತದ, ಕಣ್ಣೂ ಹೋಗತದ. ಸುಮ್ಮನಿದ್ರ ಕಣ್ಣ ಬರತದ, ಕಣ್ಣ ಬಂದ ಕೂಡಲೇ ಮೊದಲ ಈ ಮಾರಿ ನೋಡತಾಳ. ಅಂವಾ ಸುಮ್ಮನಿದ್ದ.

ಸುಮ್ಮನಿರೋದು ಸಸಾರ ಇರಲಿಲ್ಲ. ಮೊದಲೆಲ್ಲಾ ಹೊಲದಿಂದ ತಡಾ ಆಗಿ ಬಂದ್ರ, "ಯಾರ ಮನ್ಯಾಗ ಹರಟಿ ಹೊಡಕೋತ ಕುಂತಿದ್ರಿ? ರೊಟ್ಟಿ ಆರಿ ಕಲ್ಲಾಗ್ಯಾವ, ತಿನ್ರಿ ಕಲ್ಲು," ಅಂತಿದ್ಳು. ಈಗ, "ದಯಮಾಡಸ್ರಿ, ಪ್ರಸಾದಕ ಏಳ್ರಿ," ಅಂಬಾಕಿ. ಅವನ ಹಾಸಗಿ ಜಗಲಿ ಮುಂದ ಬ್ಯಾರೆ ಹಾಸಿಸಿದ್ಳು. ರೇವಣಪ್ಪ ಬೇಕಂತಲೇ ಸಾರಿನಾಗ ಉಪ್ಪಿಲ್ಲ ಅಂದ. ಆಕಿ ಗಲ್ಲ ಬಡಕೊಂಡು ತಪ್ಪಾತು ಅಂದ್ಳು. ಇಷ್ಟು ವರ್ಷ ಒಂದಕ್ಕೊಂದು ಬಡಿಯೋ ಗಂಗಾಳದಂಗ ಸಪ್ಪಳ ಮಾಡಿ ಬಾಳಿದಾಕಿ ಎದುರಿಗೇ ಕುಂತು ದೂರ ಹೋಗಲತಿದ್ಳು. ಅವತ್ತು ಅಂವಾ ಅರ್ಧಾ ರೊಟ್ಟಿ ಬಿಟ್ಟು ಎದ್ದ, ಆಕಿ ಅದಕ್ಕೂ ಏನೂ ಅನಲಿಲ್ಲ.

ಉದಗೀರಕ ಹೋಗೋ ದಿನಾ ಬಸ್ಸಿನ್ಯಾಗ ಅರ್ಧಾ ಊರು. ಧೂಳಪ್ಪ ಒಂದು ಫ್ಲೆಕ್ಸ್ ಮಾಡಿಸಿಕೊಂಡು ಬಂದಿದ್ದ, ಅದರಾಗ ರೇವಣಪ್ಪನ ಮಾರಿ ದೊಡ್ಡದು, ಧೂಳಪ್ಪಂದು ಅದಕಿಂತ ಸ್ವಲ್ಪೇ ಸಣ್ಣದು. ಕಂಡಕ್ಟರ್ ರೇವಣಪ್ಪನ ಹಣಿ ನೋಡಿ, "ಯಾ ಬಾಬಾ, ಯಾ, ಪುಢೆ ಬಸಾ," ಅಂತ ಮರಾಠ್ಯಾಗ ಮುಂದ ಕರದು, ಮುಂದಿನ ಸೀಟಿನ್ಯಾಗ ಕುಂತಿದ್ದ ಒಬ್ಬ ಮಾಸ್ತರನ್ನ ಎಬ್ಬಿಸಿದ. ಮಾಸ್ತರ ಗೊಣಗುಟ್ಟಕೋತ ಎದ್ದು, ಹಣಿ ನೋಡಿ, ತಾನೂ ಕೈ ಮುಗದ.

ಆಪರೇಷನ್ ಚೊಲೋ ಆತು. ಕಾಂತಾಬಾಯಿ ಹೆದರಲಿಲ್ಲ, ಅಳಲಿಲ್ಲ, ಕೈಯಾಗ ವಿಭೂತಿ ಗಟ್ಟಿ ಹಿಡಕೊಂಡೇ ಒಳಗ ಹೋಗಿ ಬಂದ್ಳು. ಮಾರನೇ ದಿನಾ ಮುಂಜಾನಿ ಪಟ್ಟಿ ಬಿಚ್ಚೋದು. ಖೋಲಿ ಸಣ್ಣದು, ಬಾಗಲದಾಗ ಮಂದಿ ಒಬ್ಬರ ಮ್ಯಾಲ ಒಬ್ಬರು. ಜಳಕೋಟದಿಂದ ಶಿವಗಂಗಾಬಾಯಿ ಹಾರ ಹಿಡಕೊಂಡು ಬಂದು ನಿಂತಿದ್ಳು.

ಡಾಕ್ಟರಬಾಯಿ ಪಟ್ಟಿ ಬಿಚ್ಚಿದ್ಳು. ಕಣ್ಣ ಒರಸಿದ್ಳು. "ಮೆಲ್ಲಕ ತೆರೀರಿ ಆಯೀ. ಯಾನ್ ಕಾಣತದ?"

ಕಾಂತಾಬಾಯಿ ತೆರದ್ಳು. ಕಿಡಿಕಿ ಕಡಿ ನೋಡಲಿಲ್ಲ, ಮಗನ ಕಡಿ ನೋಡಲಿಲ್ಲ. ನೆಟ್ಟಗ ಎದುರಿಗಿ ಕುಂತ ಗಂಡನ್ನ ನೋಡಿದ್ಳು. ರೇವಣಪ್ಪ ಹೊಲಕ ನೀರ ಬಿಡೋವಾಗ ಹಾವು ಕಂಡಾಂವನಂಗ ಅಲುಗಾಡಲಾರದೇ ಕುಂತಿದ್ದ.

ಬಾಳ ಹೊತ್ತು ನೋಡಿದ್ಳು. ಆಮ್ಯಾಲ ಅಂದ್ಳು, "ಇದೇನ್ರಿ ಇದು? ಹಂಚಿನಾಗ ಮರ್ತ ಬಿಟ್ಟ ರೊಟ್ಟಿಯಂಗ ಆಗ್ಯಾದಲ್ಲ ಮಾರಿ!"

"ವೈನಿ, ಹಣಿ ನೋಡ್ರಿ, ಹಣಿ!" ಅಂತ ಧೂಳಪ್ಪ ಬಾಗಲದಿಂದ ಕೂಗಿದ.

ಆಕಿ ಹಣೀನೂ ನೋಡಿದ್ಳು. ಬೆರಳ ಇಟ್ಟು ಪಟ್ಟಿ ಅಂಚು ಸವರಿದ್ಳು, ಸಿಪ್ಪಿ ಎದ್ದ ಚರ್ಮ ಉಗುರಿಗಿ ಬಂತು. ಅದನ್ನ ಬೆಳಕಿಗಿ ಹಿಡದು ನೋಡಿ, "ಶಿವ ಬರದ್ರ ಸಿಪ್ಪಿ ಏಳತದೇನ್ರಿ?" ಅಂದ್ಳು. "ನನ್ನ ಕಡಿ ನೋಡಿ ಖರೇ ಹೇಳ್ರಿ. ಇನ್ನ ಮ್ಯಾಲ ನನಗ ಕಾಣತದ, ಗೊತ್ತದಲ್ಲ?"

ಎಲ್ಲರೂ ನೋಡಲತಿದ್ರು. ಶಿವಗಂಗಾಬಾಯಿ ಕೈಯಾಗ ಹಾರ ಎತ್ತಿದ್ದು ಎತ್ತಿದಂಗೇ ಇತ್ತು. ಈಗೂ ಒಂದು ಸುಳ್ಳು ಹೇಳಿದ್ರ ಜನ್ಮ ಪೂರಾ ಪೂಜಿ ಮಾಡಸ್ಕೋಬಹುದಿತ್ತು. ಜಗಲಿ ಮುಂದ ಬ್ಯಾರೆ ಹಾಸಗಿ, ಉಪ್ಪಿಲ್ಲದಿದ್ರೂ ತಪ್ಪಾತು.

"ಕ್ರೀಮ್ ಹಚ್ಚಿಕೊಂಡಿದ್ದೆ," ಅಂದ ರೇವಣಪ್ಪ.

"ಯಾನ್ ಕ್ರೀಮ್?"

"ನಿರಿಗಿ ಹೋಗೋದು. ನಿಲಂಗಾದಾಗ ತಂದಿದ್ದೆ. ವಿಭೂತಿ ಬಿಟ್ಟು ಉಳದದ್ದಕ್ಕೆಲ್ಲಾ ಹಚ್ಚಿಕೊಂಡು ಬಿಸಿಲಾಗ ಜ್ವಾಳ ಕೊಯ್ದೆ. ವಿಭೂತಿ ಇದ್ದಲ್ಲಿ ಸುಡಲಿಲ್ಲ, ಅಷ್ಟೇ. ನೀ ಆ ಲಗ್ನದಾಗಿನ ಮಾರಿ ನೋಡಬೇಕಂದಿದ್ದೆಲ್ಲ ನಿಮ್ಮ ಅಕ್ಕನ ಜೋಡಿ. ಅದು ಈಗ ಇಲ್ಲ ನನ್ನ ಹಂತ್ಯಾಕ."

ಬಾಗಲದಾಗಿನ ಮಂದಿ ಕಿಸಿಕಿಸಿ ನಗಲಾಕ ಹತ್ತಿದ್ರು. ಡಾಕ್ಟರಬಾಯಿನೂ ನಗಿ ತಡೀಲಾರದೇ ಬಾಯಿಗಿ ಕೈ ಅಡ್ಡ ಹಿಡದ್ಳು. "ಬಾಬಾ, ರೆಟಿನಾಲ್ ಹಚ್ಚಿ ಬಿಸಿಲಿಗಿ ಹೋಗಬಾರದು. ಈಗ ಏನೂ ಹಚ್ಚಬ್ಯಾಡ್ರಿ, ನೆರಳಾಗ ಇರ್ರಿ. ತಿಂಗಳು ಎರಡು ತಿಂಗಳದಾಗ ಬಣ್ಣ ಕೂಡತದ, ಪಟ್ಟಿ ಹೋಗತಾವ."

"ಹೋಗತಾವ?" ಅಂದ ಧೂಳಪ್ಪ, ಸತ್ತವರ ಸುದ್ದಿ ಕೇಳಿದಂಗ. "ಪೂರಾ ಹೋಗತಾವ? ಮತ್ತ ಫ್ಲೆಕ್ಸ್?"

ಅವನಿಗಿ ಯಾರೂ ಜವಾಬ ಕೊಡಲಿಲ್ಲ. ಯಾಕಂದ್ರ ಕಾಂತಾಬಾಯಿ ಕೈ ಮುಂದ ಮಾಡಿ, "ಕನ್ನಡಿ ಕೊಡ್ರಿ," ಅಂದಿದ್ಳು.

ಮೀನಲ ಪರ್ಸಿನ್ಯಾಗಿನ ಸಣ್ಣ ಕನ್ನಡಿ ಕೊಟ್ಟಳು. ಕಾಂತಾಬಾಯಿ ನೋಡಿದ್ಳು. ಹಿಂದ ಯಾರರೆ ನಿಂತಾರೇನಂತ ತಿರಗಿ ನೋಡಿದ್ಳು. ಮತ್ತ ಕನ್ನಡಿ ನೋಡಿದ್ಳು. "ಅಕ್ಕಾ," ಅಂತ ಶಿವಗಂಗಾಬಾಯಿನ್ನ ಕರದು ಮೆಲ್ಲಕ ಅಂದ್ಳು, "ಇದರಾಗ ನಮ್ಮ ಅವ್ವ ಕುಂತಾಳಲ್ಲ."

ಖೋಲ್ಯಾಗ ಇದ್ದಬದ್ದ ನಗಿ ಎಲ್ಲಾ ನಿಂತಿತು. ರೇವಣಪ್ಪ ತನ್ನ ಮಾರಿ ಚಿಂತ್ಯಾಗ ಇಷ್ಟು ದಿನಾ ಒದ್ದಾಡಿದ್ದ. ಆಕೀಗೂ ಒಂದು ಮಾರಿ ಅದ, ಆಕೀನೂ ಅದನ್ನ ಇಷ್ಟು ವರ್ಷದ ಮ್ಯಾಲ ಮೊದಲ ಸಲ ನೋಡ್ಕೋಬೇಕು ಅಂಬೋದು ಅವನ ತಲಿಗೇ ಬಂದಿದ್ದಿಲ್ಲ. ಮನ್ಯಾಗ ಯಾರ ತಲಿಗೂ ಬಂದಿದ್ದಿಲ್ಲ.

ಆಕಿ ಕನ್ನಡಿ ಕೆಳಗ ಇಟ್ಟಳು. "ನಾ ಇಷ್ಟು ಮುದುಕಿ ಆಗೀನಂತ ನೀವು ಒಂದಿನಾರೆ ಹೇಳಬಾರದಿತ್ತೇನ್ರಿ? ನಿಮಗ ದಿನಾ ಕಾಣತಿತ್ತಲ್ಲ."

ರೇವಣಪ್ಪ ವಿಚಾರ ಮಾಡಿದ. ಖರೇನೇ ಹೇಳಬೇಕಂತ ವಿಚಾರ ಮಾಡಿದ. "ಇಲ್ಲ," ಅಂದ. "ನನಗ ಕಂಡೇ ಇಲ್ಲ."

"ಕಂಡಿಲ್ಲ?"

"ದೇವರಾಣಿ. ಈಗ ನೀ ಹೇಳಿದ ಮ್ಯಾಲೇ ನೋಡಲತ್ತೀನಿ."

ಕಾಂತಾಬಾಯಿ ಅವನ್ನ ಮ್ಯಾಲಿಂದ ಕೆಳಗ ತನಕ ನೋಡಿದ್ಳು. "ಹಂಗಿದ್ರ ಆಪರೇಷನ್ ನಿಮಗ ಮಾಡಸಬೇಕಿತ್ತು," ಅಂದ್ಳು.

ಮಂದಿಗಿ ಉಸರು ಬಂತು. ಬಕ್ಕಪ್ಪ ನಕ್ಕಿದ್ದು ಹೊರಗಿನ ರಸ್ತಾಕ ಕೇಳಿಸಿತು. ಶಿವಗಂಗಾಬಾಯಿ ಕೈಯಾಗಿನ ಹಾರ ಯಾರಿಗಿ ಹಾಕಬೇಕಂತ ತಿಳೀದೇ ಡಾಕ್ಟರಬಾಯಿಗಿ ಹಾಕಿದ್ಳು.

ಆದ್ರ ನೀಲಕಂಠನ ಮಾರಿಮ್ಯಾಲ ಮಾತ್ರ ನಗಿ ಇದ್ದಿಲ್ಲ. ಡಾಕ್ಟರಬಾಯಿ ಇನ್ನೊಂದು ಕಣ್ಣಿನ ತಾರೀಖ ಕೇಳಲತಿದ್ಳು. ಪವಾಡ ಸುಳ್ಳಾಗಿತ್ತು, ಅವ್ವನ ಧೈರ್ಯ ನಿಂತಿದ್ದೇ ಅದರ ಮ್ಯಾಲ. ಅಂವಾ ಹೆದರಕೋತ ಕೇಳಿದ, "ಅವ್ವಾ, ಎರಡನೇದು... ಈಗ ಬ್ಯಾಡಂದ್ರ ಬ್ಯಾಡ. ಮುಂದ ನೋಡೋಣು."

"ಯಾಕ ಬ್ಯಾಡ?" ಅಂದ್ಳು ಕಾಂತಾಬಾಯಿ, ಗಂಡನ ಗಲ್ಲ ಹಿಡದು ಬೆಳಕಿಗಿ ತಿರಗಿಸಿಕೋತ. "ಜಲ್ದಿ ತಾರೀಖ ಹಿಡಿ. ಈ ಮನಷ್ಯಾನ್ನ ಕಾಯಲಾಕ ಒಂದು ಕಣ್ಣ ಸಾಲಂಗಿಲ್ಲ."